ಯಂತ್ರ ಗುರುತಿಸದ ಬೆರಳು, ಬರೆಯುವವನ ಹೊಣೆ

ಸವಳಂಗದ ಸುತ್ತಮುತ್ತ ಅಡಿಕೆ ಸುಲಿದು ಬದುಕು ಸಾಗಿಸಿದ ಹೆಂಗಸರ ಕೈಗಳನ್ನು ನೋಡಿದವರಿಗೆ ಅವರ ಕಸುಬನ್ನು ಬೇರೆ ಹೇಳಬೇಕಾಗಿಲ್ಲ. ಚೊಗರಿನಿಂದ ಕಪ್ಪಾದ ಉಗುರು, ಕತ್ತಿಯ ಅಲಗಿಗೆ ತಾಗಿ ತಾಗಿ ಜಡ್ಡುಗಟ್ಟಿದ ಹೆಬ್ಬೆರಳು, ಗೆರೆಗಳೆಲ್ಲ ಸವೆದು ನುಣುಪಾದ ಬೆರಳ ತುದಿ. ನಾನು ಬಲ್ಲ ಖಾಲಾ ಒಬ್ಬರು ಇಂತಹ ಕೈಗಳಿಂದಲೇ ಮೂವರು ಮಕ್ಕಳನ್ನು ಸಾಕಿದರು. ಸುಗ್ಗಿಯ ದಿನಗಳಲ್ಲಿ ಖೇಣಿದಾರರ ಅಂಗಳದಲ್ಲಿ ಇಶಾ ನಮಾಝಿನ ನಂತರವೂ ಕುಳಿತು ಸುಲಿಯುತ್ತಿದ್ದರು. ಸುಲಿಯುವ ಯಂತ್ರಗಳು ಬಂದ ಮೇಲೆ ಆ ಕೂಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಬಂತು. ಕಳೆದ ವರ್ಷ ಪಡಿತರ ಚೀಟಿಯ ಇ-ಕೆವೈಸಿಗೆಂದು ಅವರು ನ್ಯಾಯಬೆಲೆ ಅಂಗಡಿಗೆ ಹೋದಾಗ ಅಲ್ಲಿಯ ಯಂತ್ರ ಅವರ ಬೆರಳನ್ನು ಒಪ್ಪಲಿಲ್ಲ. ಹತ್ತೂ ಬೆರಳುಗಳನ್ನು ಒಂದೊಂದಾಗಿ ಒತ್ತಿಸಿ ನೋಡಿದರು. ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಒತ್ತಿಸಿದರು. ಮೊದಲ ಯಂತ್ರ ಅವರ ಕೆಲಸವನ್ನು ತೆಗೆದುಕೊಂಡಿತ್ತು, ಎರಡನೆಯ ಯಂತ್ರಕ್ಕೆ ಅವರು ಯಾರೆಂಬುದೇ ತಿಳಿಯಲಿಲ್ಲ.

ಅಂಗಡಿಯವರನ್ನು ನಾನು ದೂರುವುದಿಲ್ಲ. ಅವರ ಕೈಯಲ್ಲಿರುವುದು ಆ ಯಂತ್ರ ಮಾತ್ರ. ಮನೆಗೆ ಅಕ್ಕಿ ನಿಂತೂ ಇಲ್ಲ. ಚೀಟಿಯಲ್ಲಿರುವ ಯಾರೊಬ್ಬರ ಬೆರಳಚ್ಚು ಹೊಂದಿದರೂ ಪಡಿತರ ಸಿಗುವುದರಿಂದ ಜೊತೆಗಿರುವ ಮೊಮ್ಮಗ ಹೋಗಿ ತರುತ್ತಾನೆ. ಆದರೆ ಇ-ಕೆವೈಸಿ ಪ್ರತಿಯೊಬ್ಬ ಸದಸ್ಯರದೂ ಆಗಬೇಕು. ಆಗದಿದ್ದರೆ ಹೆಸರು ಬಿಟ್ಟುಹೋದೀತೆಂಬ ಭಯ. ಗೃಹಲಕ್ಷ್ಮಿಯ 2,000 ರೂಪಾಯಿ ಸಂದಾಯವಾಗುವುದು ಅದೇ ಚೀಟಿಯಲ್ಲಿ ಯಜಮಾನಿಯೆಂದು ನಮೂದಾದವರಿಗೆ. ಒಂದು ಕಡೆ ಹೆಸರು ಅಲುಗಾಡಿದರೆ ಉಳಿದದ್ದೆಲ್ಲ ಅಲುಗಾಡುತ್ತದೆ. ಅಂದಿನಿಂದ ಖಾಲಾ ನನ್ನನ್ನು ಕಂಡಾಗಲೆಲ್ಲ ಕೇಳುವುದು ಒಂದೇ ಪ್ರಶ್ನೆ: "ಬೇಟಾ, ನಾನು ಇದ್ದೀನಿ ಅಂತ ಯಾರ ಹತ್ರ ಹೋಗಿ ಹೇಳಲಿ?"

ಇಂತಹ ವಿಷಯವನ್ನು ಎತ್ತಿದಾಗ ನಮ್ಮಲ್ಲಿ ಕೆಲವರು, ಇದು ಸರಕಾರಿ ಕಚೇರಿಯ ಮಾತು, ದೀನಿನ ಮಾತಲ್ಲ ಎನ್ನುತ್ತಾರೆ. ಅವರು ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘವಾದ ಸೂಕ್ತ ಯಾವುದೆಂದು ಒಮ್ಮೆ ನೋಡಬೇಕು. ಅಲ್‌ಬಕರಃ ಅಧ್ಯಾಯದ 282ನೆಯ ಆ ಸೂಕ್ತದ ವಿಷಯ ಸಾಲದ ದಾಖಲೆಯನ್ನು ಬರೆದಿಡುವುದು. ಅವಧಿ ಗೊತ್ತುಮಾಡಿದ ಪ್ರತಿಯೊಂದು ಸಾಲವನ್ನೂ, ಅದು ಚಿಕ್ಕದಿರಲಿ ದೊಡ್ಡದಿರಲಿ, ಬರೆದಿಡಲು ಉದಾಸೀನ ಮಾಡಬಾರದೆಂದು ಅಲ್ಲಾಹನು ಆಜ್ಞಾಪಿಸುತ್ತಾನೆ. ಬಡ್ಡಿಯನ್ನು ನಿಷೇಧಿಸುವ ಸೂಕ್ತಗಳು ಮುಗಿದೊಡನೆಯೇ ಈ ಸೂಕ್ತ ಬರುತ್ತದೆ. ಅಂದರೆ ವ್ಯವಹಾರ ಶುದ್ಧವಾಗಿದ್ದರಷ್ಟೇ ಸಾಲದು, ಅದರ ಲಿಖಿತವೂ ಶುದ್ಧವಾಗಿರಬೇಕು.

ಆದ್ದರಿಂದ ದಾಖಲೆಯನ್ನು, ಅದನ್ನು ಇಡುವ ಹೊಸ ಸಾಧನಗಳನ್ನು ಮುಸ್ಲಿಮನು ಶತ್ರುವೆಂದು ಕಾಣಬೇಕಾಗಿಲ್ಲ. ಕರ್ನಾಟಕದ 'ಭೂಮಿ' ಯೋಜನೆ ಬರುವುದಕ್ಕಿಂತ ಮುಂಚಿನ ದಿನಗಳನ್ನು ನಮ್ಮ ಹಿರಿಯರು ಬಲ್ಲರು. ಪಹಣಿಗಾಗಿ ಗ್ರಾಮಲೆಕ್ಕಿಗರ ಬಿಡುವು ಕಾಯಬೇಕಾಗಿತ್ತು. ಪುಸ್ತಕ ಅವರ ವಶದಲ್ಲಿ, ಬರೆಹ ಅವರ ಕೈಯಲ್ಲಿ, ತಿದ್ದುವುದೂ ಅವರದೇ ಕೈ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದ ಮೇಲೆ ಆ ಕಾಯುವಿಕೆ ಬಹುಮಟ್ಟಿಗೆ ಹೋಯಿತು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯನ್ನೂ ಇಲ್ಲಿ ನೆನೆಯಬೇಕು. ಬಸ್ಸಿನ ಖರ್ಚಿಗೆ ಹೆದರಿ ಪಿಯುಸಿಗೇ ಓದು ನಿಲ್ಲಿಸುತ್ತಿದ್ದ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಇಂದು ಶಿವಮೊಗ್ಗಕ್ಕೂ ಹೊನ್ನಾಳಿಗೂ ಹೋಗಿಬರುತ್ತಾರೆ. (ಖಾಸಗಿ ಬಸ್ಸುಗಳಿಗೆ ಅದು ಅನ್ವಯಿಸದೆಂಬುದು ನಮ್ಮ ಭಾಗದವರಿಗೆ ಚೆನ್ನಾಗಿ ಗೊತ್ತು. ಸರಕಾರಿ ಬಸ್ಸಿಗಾಗಿ ಗಂಟೆಗಟ್ಟಲೆ ಕಾಯುವ ಮಕ್ಕಳನ್ನು ನಿತ್ಯ ಕಾಣುತ್ತೇವೆ.) ಒಂದು ಆಧಾರ್ ಕಾರ್ಡು ತೋರಿಸಿ ಟಿಕೇಟು ಪಡೆಯುವ ಹುಡುಗಿಯ ಬದುಕಿನಲ್ಲಿ ನೀತಿಯೊಂದು ಎಷ್ಟು ದೂರ ಕೈಚಾಚಬಲ್ಲದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆದರೆ ಅದೇ ಸೂಕ್ತದಲ್ಲಿ ಬರೆಯಿರಿ ಎಂಬ ಆಜ್ಞೆಯ ಜೊತೆಗೆ ಕೆಲವು ಷರತ್ತುಗಳಿವೆ. ಬರೆಯುವವನು ನ್ಯಾಯದಿಂದ ಬರೆಯಬೇಕು. ಬರೆಯಲು ಬಲ್ಲವನು ಬರೆದುಕೊಡಲು ನಿರಾಕರಿಸಬಾರದು, ಏಕೆಂದರೆ ಆ ವಿದ್ಯೆಯನ್ನು ಅವನಿಗೆ ಕಲಿಸಿದವನು ಅಲ್ಲಾಹನು. ಪತ್ರದ ಒಕ್ಕಣೆಯನ್ನು ಹೇಳಬೇಕಾದವನು ಸಾಲ ಕೊಡುವವನಲ್ಲ, ಯಾರ ಮೇಲೆ ಋಣದ ಭಾರ ಬೀಳುವುದೋ ಅವನು. ಅವನು ದುರ್ಬಲನಾಗಿದ್ದರೆ, ಹೇಳಲು ಅಶಕ್ತನಾಗಿದ್ದರೆ ಅವನ ಪೋಷಕನು ನ್ಯಾಯದಿಂದ ಹೇಳಿಕೊಡಬೇಕು. ಕಡೆಯಲ್ಲಿ, ಬರೆಯುವವನಿಗಾಗಲಿ ಸಾಕ್ಷಿಗಾಗಲಿ ತೊಂದರೆ ಕೊಡಬಾರದು. ಹದಿನಾಲ್ಕು ಶತಮಾನಗಳ ಹಿಂದೆ, ಬರೆಯಬಲ್ಲವರು ವಿರಳವಾಗಿದ್ದ ಸಮಾಜದಲ್ಲಿ, ಲಿಪಿ ತಿಳಿಯದವನ ರಕ್ಷಣೆಗೆಂದು ಇಷ್ಟೊಂದು ಎಚ್ಚರ ವಹಿಸಲಾಗಿದೆ. ಇಂದಿನ ಲಿಪಿ ಪೋರ್ಟಲ್, ಓಟಿಪಿ, ಬೆರಳಚ್ಚು. ಅದನ್ನು ತಿಳಿಯದವರು ನಮ್ಮ ಮೊಹಲ್ಲಾಗಳಲ್ಲಿ ವಿರಳರಲ್ಲ.

ಋಣದ ಒಕ್ಕಣೆಯನ್ನು ಸಾಲಗಾರನೇ ಹೇಳಬೇಕೆಂಬ ಷರತ್ತನ್ನೇ ನೋಡಿ. ಇಂದು ಮೊಬೈಲಿನಲ್ಲಿ ಸಾಲ ಕೊಡುವ ಆ್ಯಪ್‌ಗಳಲ್ಲಿ ಸಾಲಗಾರನ ಪಾಲಿಗೆ ಉಳಿದಿರುವುದು 'ಒಪ್ಪಿದ್ದೇನೆ' ಎಂಬ ಒಂದು ಗುಂಡಿ. ಮೇಲಿನ ಪುಟಗಟ್ಟಲೆ ಒಕ್ಕಣೆಯೆಲ್ಲ ಕೊಡುವವನದು, ಅದೂ ಇಂಗ್ಲಿಷಿನಲ್ಲಿ. ಮೈಕ್ರೋ ಫೈನಾನ್ಸ್ ಸಂಘಗಳಲ್ಲಿ ಹೆಬ್ಬೆಟ್ಟು ಒತ್ತುವ ನಮ್ಮ ಸಹೋದರಿಯರಿಗೂ ಬಡ್ಡಿಯೆಷ್ಟು, ದಂಡವೆಷ್ಟು ಎಂಬುದು ವಾರದ ಕಂತು ತಪ್ಪಿದಾಗಲೇ ತಿಳಿಯುತ್ತದೆ. ವಸೂಲಿಯ ಕಿರುಕುಳ ತಾಳದೆ ಜನರು ಊರು ಬಿಟ್ಟ, ಪ್ರಾಣ ಬಿಟ್ಟ ಸುದ್ದಿಗಳು ಬಂದಾಗ ರಾಜ್ಯ ಸರಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನು ತರಬೇಕಾಯಿತು. ಬಲವಂತದ ವಸೂಲಿಗೆ 10 ವರ್ಷಗಳ ತನಕ ಸೆರೆವಾಸ, 5 ಲಕ್ಷ ರೂಪಾಯಿ ತನಕ ದಂಡ ಎಂದು ಅದು ವಿಧಿಸಿತು. ಒಳ್ಳೆಯದೇ. ಆದರೆ ಬಡ್ಡಿಯನ್ನು ಹರಾಮ್ ಎಂದು ಮಿಂಬರಿನಿಂದ ಹೇಳುವ ನಾವು, ಆ ಸಹೋದರಿಗೆ ಹತ್ತು ಸಾವಿರ ರೂಪಾಯಿ ಬಡ್ಡಿಯಿಲ್ಲದೆ ಕೊಡಬಲ್ಲ ಬೈತುಲ್ ಮಾಲನ್ನು ಎಷ್ಟು ಜಮಾಅತ್‌ಗಳಲ್ಲಿ ನಡೆಸುತ್ತಿದ್ದೇವೆ? ಆಕೆ ಸಂಘಕ್ಕೆ ಹೋದದ್ದು ಧರ್ಮ ತಿಳಿಯದೆ ಅಲ್ಲ.

ಇನ್ನು ಹೆಸರುಗಳ ಗೋಜಲು. ನಮ್ಮ ಮನೆಗಳಲ್ಲಿ ಮಗುವಿಗೆ ಹೆಸರಿಡುವುದು ಅರಬಿಯಲ್ಲಿ, ಕರೆಯುವುದು ದಖನಿಯಲ್ಲಿ, ಶಾಲೆಯಲ್ಲಿ ಬರೆಯುವುದು ಕನ್ನಡದಲ್ಲಿ, ಆಧಾರ್‌ನಲ್ಲಿ ಮೂಡುವುದು ಇಂಗ್ಲಿಷಿನಲ್ಲಿ. ಖೈರುನ್ನಿಸಾ ಎಂಬವರು ಪಡಿತರ ಚೀಟಿಯಲ್ಲಿ ಕೈರುಂಬಿಯಾಗುತ್ತಾರೆ, ಬ್ಯಾಂಕಿನ ಪುಸ್ತಕದಲ್ಲಿ ಕೈರುನಬಿಯಾಗುತ್ತಾರೆ. ಮೂರು ಕಡೆ ಮೂವರು ಗುಮಾಸ್ತರು ತಮಗೆ ಕೇಳಿಸಿದಂತೆ ಬರೆದರು. ಆ ಕಾಲದಲ್ಲಿ ಅದರಿಂದ ಯಾರಿಗೂ ನಷ್ಟವಾಗಲಿಲ್ಲ, ಏಕೆಂದರೆ ನೋಡುವ ಮನುಷ್ಯನಿಗೆ ಮೂವರೂ ಒಬ್ಬರೇ ಎಂದು ಗೊತ್ತಾಗುತ್ತಿತ್ತು. ಯಂತ್ರಕ್ಕೆ ಗೊತ್ತಾಗುವುದಿಲ್ಲ. ಅದು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿ, ಮೂವರು ಎನ್ನುತ್ತದೆ.

ಸವಳಂಗದವರಿಗೆ ಊರಿನ ವಿಳಾಸವೇ ಇನ್ನೊಂದು ಗೋಜಲು. 1997ರ ಆಗಸ್ಟ್ 15ಕ್ಕೆ ಮುಂಚೆ ಇಲ್ಲಿ ಹುಟ್ಟಿದವರ ಹಳೆಯ ಕಾಗದಗಳಲ್ಲಿ ಹೊನ್ನಾಳಿ ತಾಲೂಕು, ಶಿವಮೊಗ್ಗ ಜಿಲ್ಲೆ ಎಂದಿರುತ್ತದೆ. ಅಂದು ದಾವಣಗೆರೆ ಜಿಲ್ಲೆ ಉದಯಿಸಿತು. ಆಮೇಲಿನವರದು ಹೊನ್ನಾಳಿ ತಾಲೂಕು, ದಾವಣಗೆರೆ ಜಿಲ್ಲೆ. 2018ರಲ್ಲಿ ನ್ಯಾಮತಿ ತಾಲೂಕಾದ ಮೇಲೆ ಮೂರನೆಯ ವಿಳಾಸ. ಅಜ್ಜಿ, ತಾಯಿ, ಮಗಳು ಒಂದೇ ಮನೆಯ ಒಂದೇ ಕೋಣೆಯಲ್ಲಿ ಹುಟ್ಟಿದವರು, ಕಾಗದದ ಮೇಲೆ ಮೂರು ಬೇರೆ ಊರಿನವರು. ಮನೆ ಕದಲಲಿಲ್ಲ, ಗಡಿ ಕದಲಿತು. ಆಡಳಿತದ ಅನುಕೂಲಕ್ಕೆ ಸರಕಾರ ಗಡಿ ಬದಲಿಸುವುದು ತಪ್ಪಲ್ಲ. ಆದರೆ ಬದಲಿಸಿದವರು ತಾವೇ ಆಗಿದ್ದು, ಎರಡು ಕಾಗದಗಳು ತಾಳೆಯಾಗುತ್ತಿಲ್ಲವೇಕೆ ಎಂದು ಪ್ರಜೆಯನ್ನು ಕೇಳುವುದು ಯಾವ ನ್ಯಾಯ? ಅದಕ್ಕೊಂದು ಅಫಿಡವಿಟ್, ಅದಕ್ಕೊಂದು ದಿನದ ಕೂಲಿ, ಅದಕ್ಕೊಂದು ಬಸ್ಸಿನ ಪಯಣ. ಕಳೆದುಹೋದ ಆ ಕೂಲಿ ಯಾವ ಅಂಕಿಅಂಶದಲ್ಲಿಯೂ ಬರುವುದಿಲ್ಲ.

ಆಳುವವರಿಗೆ ಇದನ್ನು ಹೇಳುವ ಹಕ್ಕು ನಮಗಿದೆ, ಏಕೆಂದರೆ ಆಳುವವರು ಹೇಗಿರಬೇಕೆಂಬುದಕ್ಕೆ ನಮ್ಮ ಬಳಿ ಮಾದರಿಯಿದೆ. ಹಿಜರಿ 20ರ ಸುಮಾರಿಗೆ ಹಝ್ರತ್ ಉಮರ್(ರ) ದೀವಾನ್ ಎಂಬ ದಾಖಲೆ ಪುಸ್ತಕವನ್ನು ಏರ್ಪಡಿಸಿ, ಅದರಲ್ಲಿ ಹೆಸರಿದ್ದವರಿಗೆ ವರ್ಷಾಶನ ನಿಗದಿಪಡಿಸಿದರು. ಮಕ್ಕಳಿಗೂ ಪಾಲಿತ್ತು, ಆದರೆ ಎದೆಹಾಲು ಬಿಡಿಸಿದ ಮಕ್ಕಳಿಗೆ ಮಾತ್ರ. ನಿಯಮ ತರ್ಕಬದ್ಧವಾಗಿಯೇ ಇತ್ತು. ಹಾಲು ಕುಡಿಯುವ ಮಗುವಿಗೆ ಧಾನ್ಯವೇಕೆ? ಒಂದು ರಾತ್ರಿ ಮದೀನದ ಹೊರಗೆ ತಂಗಿದ್ದ ವರ್ತಕರ ತಂಡವನ್ನು ಕಾಯಲು ಅವರು ಅಬ್ದುರ್ರಹ್ಮಾನ್ ಬಿನ್ ಔಫ್(ರ) ಜೊತೆ ಹೋದಾಗ ಮಗುವೊಂದು ಎಡೆಬಿಡದೆ ಅಳುತ್ತಿತ್ತು. ತಾಯಿಯನ್ನು ಮತ್ತೆ ಮತ್ತೆ ಎಚ್ಚರಿಸಿದರು. ಎದುರಿಗಿರುವವರು ಯಾರೆಂದು ತಿಳಿಯದ ಆ ತಾಯಿ ಬೇಸತ್ತು ಕಾರಣ ಹೇಳಿದಳು. ಉಮರ್ ಕೊಡುವುದು ಹಾಲು ಬಿಟ್ಟ ಮಕ್ಕಳಿಗೆ ಮಾತ್ರವಾದ್ದರಿಂದ ಆಕೆ ಅವಧಿಗೆ ಮುನ್ನವೇ ಹಾಲು ಬಿಡಿಸುತ್ತಿದ್ದಳು. ಅಂದಿನ ಫಜ್ರ್ ನಮಾಝಿನಲ್ಲಿ ಖಲೀಫರ ಓದು ಅಳುವಿನಿಂದಾಗಿ ಹಿಂದೆ ನಿಂತವರಿಗೆ ಸ್ಪಷ್ಟವಾಗಿ ಕೇಳಿಸಲಿಲ್ಲವಂತೆ. ನಮಾಝ್ ಮುಗಿದೊಡನೆ ನಿಯಮ ಬದಲಾಯಿತು, ಹುಟ್ಟಿದ ಪ್ರತಿ ಮಗುವಿಗೂ ಪಾಲು ಗೊತ್ತಾಯಿತು.

ಈ ಘಟನೆಯನ್ನು ನಾವು ಉಮರ್(ರ)ರ ಕರುಣೆಗೆ ನಿದರ್ಶನವಾಗಿ ಖುತ್ಬಾಗಳಲ್ಲಿ ಹೇಳುತ್ತೇವೆ. ಅದರಲ್ಲಿ ಇನ್ನೊಂದು ಪಾಠವಿದೆ. ರಾಜಧಾನಿಯಲ್ಲಿ ಬರೆದ ಒಂದು ಸಾಲು ತಾಯಿಯ ಮಡಿಲಿನವರೆಗೂ ಹೋಗಿ ಅಲ್ಲಿ ಏನು ಮಾಡುತ್ತದೆಂಬುದು ಬರೆದವನಿಗೆ ತಿಳಿದಿರುವುದಿಲ್ಲ. ಆ ತಾಯಿ ದೂರು ಸಲ್ಲಿಸಿರಲಿಲ್ಲ. ಪುಸ್ತಕದಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು. ಪುಸ್ತಕವನ್ನು ಮುಚ್ಚಿಟ್ಟು ರಾತ್ರಿ ಹೊರಗೆ ನಡೆದಾಡಿದ್ದರಿಂದಷ್ಟೇ ತಪ್ಪು ಕಂಡಿತು.

ನಮ್ಮ ದೇಶದ ನೀತಿಗಳನ್ನೂ ಹೀಗೆ ಮನೆಯೊಳಗಿನಿಂದ ನೋಡಬೇಕು. ಅಲ್ಪಸಂಖ್ಯಾತ ಮಕ್ಕಳ ಮೆಟ್ರಿಕ್‌ಪೂರ್ವ ವಿದ್ಯಾರ್ಥಿವೇತನವನ್ನು ಕೇಂದ್ರ ಸರಕಾರ 2022ರ ನವೆಂಬರಿನಲ್ಲಿ 9 ಮತ್ತು 10ನೆಯ ತರಗತಿಗಳಿಗೆ ಸೀಮಿತಗೊಳಿಸಿತು. ಶಿಕ್ಷಣ ಹಕ್ಕು ಕಾಯ್ದೆಯಂತೆ 8ನೆಯ ತರಗತಿಯವರೆಗೆ ಶಿಕ್ಷಣ ಉಚಿತವಾಗಿರುವುದರಿಂದ ವೇತನದ ಅಗತ್ಯವಿಲ್ಲವೆಂಬುದು ಕೊಟ್ಟ ಕಾರಣ. ಇದೂ ತರ್ಕಬದ್ಧವೇ, ಹಾಲು ಕುಡಿಯುವ ಮಗುವಿಗೆ ಧಾನ್ಯವೇಕೆ ಎಂಬಷ್ಟೇ ತರ್ಕಬದ್ಧ. ಶುಲ್ಕವಿಲ್ಲದ ಶಾಲೆಗೂ ನೋಟ್‌ಬುಕ್ಕು, ಚೀಲ, ಆಟೋ ಬಾಡಿಗೆ ಬೇಕೆಂಬುದು, ಆ ಸಣ್ಣ ಮೊತ್ತದ ನೆಪದಲ್ಲಾದರೂ ಗ್ಯಾರೇಜಿಗೆ ಹೋಗಬೇಕಾದ ಹುಡುಗ ಶಾಲೆಯಲ್ಲಿ ಉಳಿಯುತ್ತಿದ್ದನೆಂಬುದು ಕಡತದಲ್ಲಿ ಕಾಣುವುದಿಲ್ಲ. ಆಧಾರ್ ವಿಷಯದಲ್ಲಿಯೂ ಹಾಗೆಯೇ. ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 26ರಂದು ಸರಕಾರಿ ಸವಲತ್ತುಗಳಿಗೆ ಆಧಾರ್ ಬಳಸುವುದನ್ನು ಬಹುಮತದಿಂದ ಎತ್ತಿಹಿಡಿದಾಗಲೂ, ಬೆರಳಚ್ಚು ಹೊಂದಲಿಲ್ಲವೆಂಬ ಕಾರಣಕ್ಕೆ ಅರ್ಹರು ಹೊರಗುಳಿಯಬಾರದೆಂಬ ಕಾಳಜಿ ಆ ತೀರ್ಪಿನಲ್ಲಿತ್ತು. ಬೇರೆ ಗುರುತಿನಿಂದ ಸವಲತ್ತು ಕೊಡುವ ದಾರಿ ಇರಲೇಬೇಕು. ಆ ದಾರಿ ಸವಳಂಗದ ಖಾಲಾರಿಗೆ ಗೊತ್ತಿಲ್ಲ, ಎದುರಿಗೆ ಕುಳಿತವರಿಗೂ ಅನೇಕ ಸಲ ಗೊತ್ತಿರುವುದಿಲ್ಲ. ನಮ್ಮ ಬೇಡಿಕೆ ಬಹಳ ದೊಡ್ಡದೇನಲ್ಲ. ಯಂತ್ರವಿರುವ ಪ್ರತಿಯೊಂದು ಕಡೆಯಲ್ಲಿಯೂ, ಯಂತ್ರ ಇಲ್ಲವೆಂದಾಗ ಮುಖ ನೋಡಿ ಹೌದು ಎಂದು ಬರೆದುಕೊಡುವ ಅಧಿಕಾರವುಳ್ಳ ಒಬ್ಬ ಮನುಷ್ಯನಿರಲಿ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವನ್ನಷ್ಟೇ ಹೇಳಿದಂತಾಗುತ್ತದೆ. 2023ರಲ್ಲಿ ಕೇಂದ್ರದ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯ ವಿದ್ಯಾರ್ಥಿವೇತನದ ಪೋರ್ಟಲಿನಲ್ಲಿದ್ದ 1,572 ಸಂಸ್ಥೆಗಳನ್ನು ಪರಿಶೀಲಿಸಿದಾಗ 830 ಸಂಸ್ಥೆಗಳು ನಕಲಿ ಇಲ್ಲವೆ ಅಸ್ತಿತ್ವದಲ್ಲಿಲ್ಲದವು ಎಂದು ಕಂಡುಬಂತು. ಐದು ವರ್ಷಗಳಲ್ಲಿ ಆದ ನಷ್ಟ 144 ಕೋಟಿ ರೂಪಾಯಿಗೂ ಹೆಚ್ಚೆಂದು ಅಂದಾಜಿಸಿ ತನಿಖೆಯನ್ನು ಸಿಬಿಐಗೆ ಒಪ್ಪಿಸಲಾಯಿತು. ಬಡ ಮಕ್ಕಳ ಹೆಸರಿನಲ್ಲಿ ಅರ್ಜಿ ಬರೆದವರು, ಮುದ್ರೆ ಒತ್ತಿದವರು, ಪರಿಶೀಲಿಸಿದೆವೆಂದು ಒಪ್ಪಿಗೆ ಕೊಟ್ಟವರು ಇದ್ದರಲ್ಲವೇ? ಅವರೂ ಬರೆಯುವವರೇ. ಅವರಲ್ಲಿ ನಮ್ಮವರು ಯಾರೂ ಇರಲಿಕ್ಕಿಲ್ಲವೆಂದು ಆಣೆ ಮಾಡಿ ಹೇಳುವ ಧೈರ್ಯ ನನಗಿಲ್ಲ. ಊರೂರಿನಲ್ಲಿ ಒಂದು ಅರ್ಜಿಗೆ ಇಷ್ಟು, ಒಂದು ಕಾರ್ಡಿಗೆ ಇಷ್ಟು ಎಂದು ವಿಧವೆಯರಿಂದಲೂ ಎಣಿಸಿಕೊಳ್ಳುವ ದಲ್ಲಾಳಿಗಳಿದ್ದಾರೆ. ಅವರಲ್ಲಿ ಕೆಲವರು ಜುಮಾ ನಮಾಝಿಗೆ ಮೊದಲ ಸಾಲಿನಲ್ಲಿಯೇ ನಿಲ್ಲುತ್ತಾರೆ. ಮಾಡಿದ ಕೆಲಸಕ್ಕೆ ನ್ಯಾಯವಾದ ಕೂಲಿ ಪಡೆಯಲಿ, ಬೇಡವೆನ್ನುವುದಿಲ್ಲ. ತಿಳಿಯದವರ ಕತ್ತಲೆಯನ್ನೇ ಬಂಡವಾಳ ಮಾಡಿಕೊಳ್ಳುವುದು ಬೇರೆ.

ಜಮಾಅತ್‌ಗಳ ಸ್ಥಿತಿಯೋ, ಅವಧಿ ಮುಗಿಯುವ ವಾರದಲ್ಲಿ ಎಚ್ಚರಾಗುವುದು. 2025ರ ಜೂನ್ 6ರಂದು 'ಉಮೀದ್' ಪೋರ್ಟಲ್ ಆರಂಭವಾಗಿ, ದೇಶದ ವಕ್ಫ್ ಆಸ್ತಿಗಳ ವಿವರಗಳನ್ನೆಲ್ಲ ಆರು ತಿಂಗಳಲ್ಲಿ ಏರಿಸಬೇಕೆಂದಾಯಿತು. ಹೊಸ ವಕ್ಫ್ ತಿದ್ದುಪಡಿ ಕಾಯ್ದೆಯ ಬಗ್ಗೆ ನಮಗೆ ಗಂಭೀರ ಆಕ್ಷೇಪಗಳಿವೆ, ಅವು ಇರಬೇಕಾದ ಆಕ್ಷೇಪಗಳೇ. ಆದರೆ ಹಳ್ಳಿಯ ಖಬರಸ್ತಾನಕ್ಕೆ ಮೋಜಣಿ ಕಾಗದ ಉಂಟೇ, ಮಸೀದಿಯ ದಾನಪತ್ರ ಯಾರ ಮನೆಯ ಟ್ರಂಕಿನಲ್ಲಿದೆ ಎಂಬ ಪ್ರಶ್ನೆಗಳಿಗೆ ಉತ್ತರವಿಲ್ಲದೆ ಡಿಸೆಂಬರಿನ ಮೊದಲ ವಾರದಲ್ಲಿ ಸೈಬರ್ ಅಂಗಡಿಗಳ ಮುಂದೆ ನಿಂತ ಮುತವಲ್ಲಿಗಳ ಪಾಡಿಗೆ ಪೂರ್ತಿಯಾಗಿ ಕಾಯ್ದೆಯೇ ಕಾರಣವೇ? ಅಜ್ಜ ಬಾಯಿಮಾತಿನಲ್ಲಿ ಕೊಟ್ಟುಹೋದದ್ದನ್ನು ಮೂರು ತಲೆಮಾರು ಬರೆದಿಡಲಿಲ್ಲ. ಸಾಲ ಚಿಕ್ಕದಿದ್ದರೂ ಬರೆದಿಡಿ ಎಂಬ ಸೂಕ್ತವನ್ನು ಓದುತ್ತಲೇ ಇದ್ದೆವು.

ಹಾಗಾದರೆ ಬರೆಯುವವರು ಯಾರು? ಮದೀನದಲ್ಲಿ ಪ್ರವಾದಿ(ಸ)ರು ಯಹೂದಿಯರೊಂದಿಗಿನ ಪತ್ರವ್ಯವಹಾರಕ್ಕೆ ನಂಬಿಕೆಯ ಬರಹಗಾರರು ಬೇಕಾದಾಗ ತರುಣರಾದ ಝೈದ್ ಬಿನ್ ಸಾಬಿತ್(ರ)ರನ್ನು ಕರೆದು ಅವರ ಲಿಪಿಯನ್ನು ಕಲಿಯಲು ಹೇಳಿದರು. ಅರ್ಧ ತಿಂಗಳು ಕಳೆಯುವಷ್ಟರಲ್ಲಿ ಝೈದ್(ರ) ಕಲಿತುಬಿಟ್ಟಿದ್ದರು. ನಮ್ಮ ನಡುವೆ ಇಂದಿನ ಲಿಪಿ ಕಲಿತವರಿಗೆ ಕೊರತೆಯಿಲ್ಲ. ಅವರು ಎಲ್ಲಿದ್ದಾರೆಂದು ಮಾತ್ರ ನಾವು ನೋಡಿಲ್ಲ. ಅವರು ಮನೆಯೊಳಗಿದ್ದಾರೆ. ಪಿಯುಸಿ, ಬಿ.ಕಾಂ. ಮುಗಿಸಿದ ನಮ್ಮ ಹೆಣ್ಣುಮಕ್ಕಳು. ಮನೆಯ ಗೃಹಲಕ್ಷ್ಮಿ ಅರ್ಜಿ, ತಮ್ಮನ ವಿದ್ಯಾರ್ಥಿವೇತನ, ಅಬ್ಬಾನ ಆಯುಷ್ಮಾನ್ ಕಾರ್ಡು, ನೆರೆಮನೆಯ ಚಾಚಿಯ ವಿಧವಾ ವೇತನ ಎಲ್ಲವನ್ನೂ ತುಂಬಿಸುತ್ತಿರುವುದು ಅವರೇ. ಮಸೀದಿ ಕಮಿಟಿಯ ಯಾವ ಪಟ್ಟಿಯಲ್ಲಿಯೂ ಅವರ ಹೆಸರಿಲ್ಲ. ಹಝ್ರತ್ ಹಫ್ಸಾ(ರ)ರಿಗೆ ಬರವಣಿಗೆ ಕಲಿಸಿದವರು ಶಿಫಾ ಬಿಂತಿ ಅಬ್ದುಲ್ಲಾ(ರ) ಎಂಬ ಮಹಿಳೆ. ಅಬೂಬಕರ್(ರ)ರ ಕಾಲದಲ್ಲಿ ಒಟ್ಟುಗೂಡಿಸಿದ ಕುರ್‌ಆನಿನ ಹಸ್ತಪ್ರತಿ ಉಮರ್(ರ)ರ ನಂತರ ಉಳಿದದ್ದು ಅದೇ ಹಫ್ಸಾ(ರ)ರ ವಶದಲ್ಲಿ. ಉಮ್ಮತ್ತಿನ ಅತ್ಯಮೂಲ್ಯ ದಾಖಲೆಯನ್ನು ಓದುಬರಹ ಬಲ್ಲ ಮಹಿಳೆಯೊಬ್ಬರು ಕಾಪಾಡಿದರೆಂದ ಮೇಲೆ, ಮೊಹಲ್ಲಾದ ಪಡಿತರ ಚೀಟಿಗಳ ಕೆಲಸವನ್ನು ನಮ್ಮ ಹುಡುಗಿಯರಿಗೆ ವಹಿಸಲು ಯಾವ ಕಾರಣಕ್ಕೆ ಹಿಂಜರಿಯುತ್ತೇವೆ?

ಮದ್ರಸಾದ ಒಂದು ಕೋಣೆ, ಒಂದು ಹಳೆಯ ಕಂಪ್ಯೂಟರ್, ವಾರಕ್ಕೆ ಎರಡು ಮಧ್ಯಾಹ್ನ, ಇಬ್ಬರು ಹುಡುಗಿಯರಿಗೆ ಬೈತುಲ್ ಮಾಲಿನಿಂದ ಗೌರವಯುತ ಸಂಬಳ ಸಾಕು. ಉಚಿತ ಸೇವೆಯೆಂದು ಅವರನ್ನು ದುಡಿಸಿಕೊಳ್ಳಬಾರದು. ಬರೆಯುವವನಿಗೆ ತೊಂದರೆ ಕೊಡಬಾರದೆಂಬ ಷರತ್ತು ಅವರಿಗೂ ಅನ್ವಯಿಸುತ್ತದೆ. ಬಂದವರ ಆಧಾರ್ ಪ್ರತಿ, ಬ್ಯಾಂಕಿನ ಸಂಖ್ಯೆ, ಓಟಿಪಿ ಎಲ್ಲವೂ ಅಮಾನತ್ತು. ಕೆಲಸ ಮುಗಿದ ಮೇಲೆ ಪ್ರತಿಯನ್ನು ಹರಿದುಹಾಕುವುದನ್ನೂ ಅವರಿಗೆ ಕಲಿಸಬೇಕು. ಊರಿನ ಇತರ ಸಮುದಾಯದ ಬಡವರು ಬಂದರೆ ಅವರಿಗೂ ಅದೇ ಬಾಗಿಲು, ಅದೇ ಸಾಲು. ಹಸಿವಿಗೆ, ಸವೆದ ಬೆರಳಿಗೆ ಜಾತಿಯಿಲ್ಲ. ಅಡಿಕೆ ಸುಲಿದ ಲಂಬಾಣಿ ತಾಂಡಾದ ಹೆಂಗಸಿನ ಹೆಬ್ಬೆರಳನ್ನೂ ಆ ಯಂತ್ರ ಅಷ್ಟೇ ನಿರ್ದಾಕ್ಷಿಣ್ಯವಾಗಿ ತಿರಸ್ಕರಿಸುತ್ತದೆ. ಇಮಾಮರು ಜುಮಾದ ದಿನ ಎರಡು ನಿಮಿಷ, ಈ ತಿಂಗಳು ಯಾವ ಅರ್ಜಿಗೆ ಕಡೆಯ ದಿನ ಎಂದು ತಿಳಿಸಿದರೆ ಖುತ್ಬಾದ ಗೌರವಕ್ಕೆ ಕುಂದಾಗದು. ನಿಯಮ ಬದಲಾದುದನ್ನು ಸಾರಿಸಿದ ಉಮರ್(ರ)ರೂ ಅದಕ್ಕೆ ಮುನ್ನ ನಮಾಝಿನ ಸಾಲಿನ ಮುಂದೆಯೇ ನಿಂತಿದ್ದರು.

ಖಾಲಾರ ವಿಷಯ ಅರ್ಧಕ್ಕೆ ಬಿಟ್ಟೆ. ಅವರನ್ನು ಎರಡು ಸಲ ಆಧಾರ್ ಕೇಂದ್ರಕ್ಕೆ ಕರೆದೊಯ್ದೆವು. ಎರಡನೆಯ ಸಲ ಬೆರಳಿನ ಜೊತೆಗೆ ಕಣ್ಣಿನ ಪಾಪೆಯ ಗುರುತನ್ನೂ ಹೊಸದಾಗಿ ತೆಗೆದುಕೊಂಡರು. ಆದರೆ ಕಣ್ಣು ನೋಡಿ ಗುರುತಿಸುವ ಸಾಧನ ಅವರ ನ್ಯಾಯಬೆಲೆ ಅಂಗಡಿಗೆ ಇನ್ನೂ ಬಂದಿಲ್ಲ. ಇ-ಕೆವೈಸಿ ಹಾಗೆಯೇ ಉಳಿದಿದೆ, ತಾಲೂಕು ಕಚೇರಿಗೆ ಕೊಟ್ಟ ಮನವಿಗೆ ಉತ್ತರ ಕಾಯುತ್ತಿದ್ದೇವೆ. ಮೊಮ್ಮಗ ಐಟಿಐ ಮುಗಿಸಿದ್ದಾನೆ. ಬೆಂಗಳೂರಿನಲ್ಲಿ ಕೆಲಸ ಗೊತ್ತಾಗಿದೆ, ಜೂನ್ ತಿಂಗಳಲ್ಲಿ ಹೊರಡುತ್ತಾನೆ. ಮಕ್ಕಳೆಲ್ಲ ಬೇರೆ ಮನೆ ಮಾಡಿಕೊಂಡಿರುವುದರಿಂದ, ಆ ಮೇಲೆ ಆ ಚೀಟಿಯ ಅಕ್ಕಿಗೆ ಊರಿನಲ್ಲಿ ಉಳಿಯುವುದು ಖಾಲಾರ ಬೆರಳೊಂದೇ.